ಸಂಸದರ ಪ್ರವಾಸಕ್ಕೆ ದುಡ್ಡು ಕೊಟ್ಟವರು ಯಾರು? ಕಡತ ಓದುವ ನನ್ನ ಅನುಭವ

ಅಮೆರಿಕದ ಸಂಸದರಾಗಲಿ, ಅವರ ಕಚೇರಿ ಸಿಬ್ಬಂದಿಯಾಗಲಿ ಖಾಸಗಿ ಸಂಸ್ಥೆಯ ದುಡ್ಡಲ್ಲಿ ಊರು ಸುತ್ತಿ ಬಂದರೆ ಅದರ ಲೆಕ್ಕ ಯಾರು ಬೇಕಾದರೂ ನೋಡಬಹುದು. ಮನೆಯಲ್ಲೇ ಕೂತು, ಪುಕ್ಕಟೆಯಾಗಿ. ನಾನಿರುವುದು ವಾಷಿಂಗ್ಟನ್ ಪಕ್ಕದ ಮೇರಿಲ್ಯಾಂಡಿನಲ್ಲಿ, ಹೊಟ್ಟೆಪಾಡಿಗೆ ಮಾಡುವುದು ಡೇಟಾ ಕೆಲಸ. ಬಿಡುವಿದ್ದಾಗ ಒಂದು ಸಣ್ಣ ಸ್ಥಳೀಯ ಪತ್ರಿಕೆಗೆ ಈ ಕಡತಗಳನ್ನು ಓದಿಕೊಡುತ್ತೇನೆ.

ಹೌಸ್‌ನ, ಅಂದರೆ ಅಲ್ಲಿನ ಸಂಸತ್ತಿನ ಕೆಳಮನೆಯ ಕಡತಗಳು, ಅದರ ದಾಖಲೆ ನೋಡಿಕೊಳ್ಳುವ ಕ್ಲರ್ಕ್ ಕಚೇರಿಯ ವೆಬ್‌ಸೈಟಿನಲ್ಲಿವೆ. ವರ್ಷ ಆರಿಸಿ ಇಡೀ ಪಟ್ಟಿಯನ್ನೇ ಇಳಿಸಿಕೊಳ್ಳಬಹುದು. ಮೇಲ್ಮನೆ ಸೆನೆಟ್‌ನದು ಬೇರೆ ಜಾಗ, ಬೇರೆ ಫಾರಂ. ಪ್ರವಾಸಕ್ಕೆ ಮೊದಲೇ ಆಯಾ ಸದನದ ನೀತಿ ಸಮಿತಿಯ (ಎಥಿಕ್ಸ್ ಕಮಿಟಿ) ಒಪ್ಪಿಗೆ ಬೇಕು. ವಾಪಸ್ ಬಂದ ಮೇಲೆ ಹೌಸ್‌ನವರು 15 ದಿನದೊಳಗೆ, ಸೆನೆಟ್‌ನವರು 30 ದಿನದೊಳಗೆ ಖರ್ಚಿನ ವಿವರ ಕೊಡಬೇಕು.

ಇಷ್ಟು ಬಿಗಿ ಬಂದದ್ದು ಜಾಕ್ ಅಬ್ರಮಾಫ್ ಹಗರಣದಿಂದ. ಆತ ಲಾಬಿಗಾರ, ಅಂದರೆ ದುಡ್ಡು ಪಡೆದು ಬೇರೆಯವರ ಪರವಾಗಿ ಸಂಸದರ ಮೇಲೆ ಪ್ರಭಾವ ಬೀರುವವ. ಸಂಸದರನ್ನು ಸ್ಕಾಟ್ಲೆಂಡಿಗೆ ಗಾಲ್ಫ್ ಆಡಲು ಕರೆದುಕೊಂಡು ಹೋಗಿದ್ದ. ಒಹಾಯೊದ ಸಂಸದ ಬಾಬ್ ನೇ ಜೈಲಿಗೂ ಹೋಗಿ ಬಂದರು. ಆಮೇಲೆ 2007ರಲ್ಲಿ ನಿಯಮ ಬದಲಾಯಿತು. ಲಾಬಿಗಾರರನ್ನು ಇಟ್ಟುಕೊಂಡ ಸಂಸ್ಥೆ ಸಾಮಾನ್ಯವಾಗಿ ಒಂದು ದಿನದ ಕಾರ್ಯಕ್ರಮಕ್ಕಷ್ಟೇ ದುಡ್ಡು ಕೊಡಬಹುದು. ಲಾಬಿಗಾರರನ್ನು ಇಟ್ಟುಕೊಳ್ಳದ ಸಂಸ್ಥೆಗಳು ಹೌಸ್ ಸದಸ್ಯರನ್ನು ದೇಶದೊಳಗೆ 4 ದಿನ, ಹೊರಗೆ 7 ದಿನ ಕರೆದೊಯ್ಯಬಹುದು.

ಹೊಸಬರೆಲ್ಲ ಮೊದಲು ಮೊತ್ತ ನೋಡುತ್ತಾರೆ. ನಾನು ನೋಡುವುದಿಲ್ಲ. ಏಷ್ಯಾಕ್ಕೆ ಹೋಗಿ ಬಂದರೆ ವಿಮಾನದ ಟಿಕೆಟ್ ಒಂದೇ ಮೊತ್ತವನ್ನು ಎತ್ತಿಬಿಡುತ್ತದೆ, ಅದರಲ್ಲಿ ಸುದ್ದಿ ಏನಿಲ್ಲ. ನಾನು ನೇರ ಹಿಂದಿನ ಪುಟಗಳಿಗೆ ಹೋಗುತ್ತೇನೆ. ಅಲ್ಲಿ ಪ್ರಾಯೋಜಕರು ತುಂಬಿದ ಫಾರಂ ಇರುತ್ತದೆ. ಈ ಊರನ್ನೇ ಯಾಕೆ ಆರಿಸಿದಿರಿ, ಈ ಹೋಟೆಲೇ ಯಾಕೆ, ಇವರನ್ನೇ ಯಾಕೆ ಕರೆದಿರಿ ಅಂತ ಅದರಲ್ಲಿ ಕೇಳಿರುತ್ತಾರೆ. ಬೇರೆ ಯಾರಾದರೂ ದುಡ್ಡು ಹಾಕಿದ್ದಾರಾ ಅನ್ನುವುದಕ್ಕೂ ಸಹಿ ಹಾಕಿ ಉತ್ತರ ಕೊಡಬೇಕು. 'ಸಭೆಯ ಜಾಗಕ್ಕೆ ಹತ್ತಿರ' ಅನ್ನುವುದು ಹೋಟೆಲ್ ಪ್ರಶ್ನೆಗೆ ಎಲ್ಲರೂ ಬರೆಯುವ ಉತ್ತರ. ಹಾಗಂತ ಬಿಡಬೇಡಿ. ಜೊತೆಗಿರುವ ವೇಳಾಪಟ್ಟಿ ತೆಗೆದು ನೋಡಿ. ಬೆಳಿಗ್ಗೆ ಎರಡು ಭಾಷಣ, ಮಧ್ಯಾಹ್ನ ಪೂರ್ತಿ 'ಸ್ಥಳ ಭೇಟಿ' ಅಂತಿದ್ದರೆ ನಾನು ಪೆನ್ಸಿಲ್ ತೆಗೆದುಕೊಳ್ಳುತ್ತೇನೆ.

ಯಾಕಿಷ್ಟು ಅನುಮಾನ ಅಂದರೆ, ಬಾಕು ಪ್ರಕರಣ. 2013ರಲ್ಲಿ 10 ಜನ ಸಂಸದರು, 32 ಜನ ಸಿಬ್ಬಂದಿ ಅಜರ್‌ಬೈಜಾನಿನ ರಾಜಧಾನಿ ಬಾಕುವಿನ ಸಮ್ಮೇಳನಕ್ಕೆ ಹೋದರು. ಕಾಗದವೆಲ್ಲ ಸರಿಯಾಗಿಯೇ ಇತ್ತು. ಖರ್ಚು ನಮ್ಮದೇ ಅಂತ ಲಾಭರಹಿತ ಸಂಸ್ಥೆಗಳು ಬರೆದುಕೊಟ್ಟಿದ್ದವು. ಸಮಿತಿಯ ಒಪ್ಪಿಗೆಯೂ ಸಿಕ್ಕಿತ್ತು. ಆಮೇಲೆ ಗೊತ್ತಾಯಿತು, ದುಡ್ಡು ಬಂದದ್ದು ಆ ದೇಶದ ಸರ್ಕಾರಿ ತೈಲ ಕಂಪನಿ ಸೋಕಾರ್‌ನಿಂದ. ರತ್ನಗಂಬಳಿ, ಗಾಜಿನ ಚಹಾ ಸೆಟ್ಟುಗಳೂ ಉಡುಗೊರೆಯಾಗಿ ಸಿಕ್ಕಿದ್ದವು. ದುಡ್ಡು ಎಲ್ಲಿಂದ ಬಂತು ಅಂತ ಸಂಸದರಿಗೆ ಗೊತ್ತಿತ್ತು ಅನ್ನುವುದಕ್ಕೆ ಪುರಾವೆ ಇಲ್ಲ ಅಂದಿತು ನೀತಿ ಸಮಿತಿ. ದುಡ್ಡಿನ ಮೂಲ ಮುಚ್ಚಿಟ್ಟಿದ್ದಕ್ಕೆ ಆ ಸಂಸ್ಥೆಗಳಲ್ಲೊಂದರ ಮುಖ್ಯಸ್ಥ ಕೆಮಾಲ್ ಓಕ್ಸುಜ್ 2018ರಲ್ಲಿ ತಪ್ಪೊಪ್ಪಿಕೊಂಡ.

ಅಂದರೆ ಫಾರಂ ತುಂಬಿದೆ ಅಂದಮಾತ್ರಕ್ಕೆ ನಿಜ ಹೇಳಿದೆ ಅಂತಲ್ಲ. ಹಾಗಾಗಿ ಪ್ರಾಯೋಜಕರ ಹೆಸರು ಸಿಕ್ಕ ಕೂಡಲೇ ಅವರ 990 ಫಾರಂ ಹುಡುಕುತ್ತೇನೆ. ಲಾಭರಹಿತ ಸಂಸ್ಥೆಗಳು ತೆರಿಗೆ ಇಲಾಖೆಗೆ ಕೊಡುವ ಈ ಲೆಕ್ಕವೂ ಬಹಿರಂಗ. ವರ್ಷಕ್ಕೆ ಅಷ್ಟೋ ಇಷ್ಟೋ ದೇಣಿಗೆ ಎತ್ತುವ ಸಂಸ್ಥೆ ಇದ್ದಕ್ಕಿದ್ದಂತೆ ಹತ್ತಾರು ಜನರನ್ನು ವಿಮಾನ ಹತ್ತಿಸಿದರೆ, ದುಡ್ಡು ಎಲ್ಲಿಂದ ಬಂತು ಅಂತ ಕೇಳಲೇಬೇಕು ಅಲ್ವಾ? ಆಮೇಲೆ ಅದೇ ಹೆಸರನ್ನು ಲಾಬಿ ನೋಂದಣಿಯಲ್ಲಿ ಹುಡುಕುತ್ತೇನೆ. ವಿದೇಶಿ ಏಜೆಂಟರ, ಅಂದರೆ ಬೇರೆ ದೇಶದವರ ಪರವಾಗಿ ಇಲ್ಲಿ ಕೆಲಸ ಮಾಡುವವರ ಪಟ್ಟಿ ನ್ಯಾಯ ಇಲಾಖೆಯದು, ಅದನ್ನೂ ನೋಡುತ್ತೇನೆ. ಸಂಸ್ಥೆಯ ಹೆಸರಿನ ಜೊತೆಗೆ ಅದರ ನಿರ್ದೇಶಕರ ಹೆಸರುಗಳನ್ನೂ ಹಾಕಿ ನೋಡಿ. ಸಂಸ್ಥೆ ಲಾಬಿ ಮಾಡದೇ ಇರಬಹುದು, ಪಕ್ಕದ ಕೋಣೆಯಲ್ಲಿ ಕೂತಿರುವ ಜೋಡಿ ಸಂಸ್ಥೆ ಮಾಡುತ್ತಿರಬಹುದು. ಇಸ್ರೇಲ್ ಪ್ರವಾಸಗಳನ್ನು ನಡೆಸುವ ಎಐಇಎಫ್, ಇಸ್ರೇಲ್ ಪರ ಲಾಬಿ ಸಂಸ್ಥೆ ಐಪ್ಯಾಕ್‌ನ ಜೊತೆಗಾರ ಸಂಸ್ಥೆ. ಕಾನೂನಿನ ಪ್ರಕಾರ ಅದು ಸರಿಯೇ. ಆದರೆ ಓದುಗರಿಗೆ ಆ ನಂಟು ಗೊತ್ತಿರಬೇಕು.

ಸಿಬ್ಬಂದಿಯ ಕಡತ ಬೋರು ಅಂತ ಬಿಟ್ಟುಬಿಡುವವರೇ ಜಾಸ್ತಿ. ನನಗೆ ಅದೇ ಮುಖ್ಯ. ಮಸೂದೆಯ ಸಾಲು ಬರೆಯುವುದು, ತಿದ್ದುಪಡಿಗೆ ಟಿಪ್ಪಣಿ ಹಾಕುವುದು ಹೆಚ್ಚಾಗಿ ಅವರೇ. ಯಾವ ಸಮಿತಿಯಲ್ಲಿ ಕೆಲಸ ಮಾಡುವವರನ್ನು ಯಾರು ಕರೆದರು ಅನ್ನುವ ಒಂದು ಕಾಲಂ ನನ್ನ ಎಕ್ಸೆಲ್ ಹಾಳೆಯಲ್ಲಿ ಯಾವಾಗಲೂ ಇರುತ್ತದೆ. ಹೆಸರುಗಳನ್ನು ಒಂದೇ ರೀತಿ ಮಾಡಿಕೊಳ್ಳುವುದು ಮಾತ್ರ ತಲೆನೋವು. ಕೈಬರಹದ ಸ್ಕ್ಯಾನು, ಒಂದೇ ಸಂಸ್ಥೆಗೆ ನಾಲ್ಕು ಕಾಗುಣಿತ.

ಎಲ್ಲ ಪ್ರವಾಸವೂ ಲಂಚ ಅಂತ ನಾನು ಹೇಳುತ್ತಿಲ್ಲ. ಬಂದರು ಹೇಗಿದೆ, ನಿರಾಶ್ರಿತರ ಶಿಬಿರ ಹೇಗಿದೆ ಅಂತ ಕಣ್ಣಾರೆ ನೋಡಿದವರು ಸುಮ್ನೆ ಕೂತು ಕಾನೂನು ಬರೆಯುವವರಿಗಿಂತ ಮೇಲು. ಆದರೆ ಲೆಕ್ಕ ಬಚ್ಚಿಡುವ ಚಪಲ ಹೋಗುವುದಿಲ್ಲ. ಇಂಥ ಪ್ರವಾಸಗಳನ್ನು ವಾರ್ಷಿಕ ಆಸ್ತಿ ವಿವರದಲ್ಲಿ ಬರೆಯಬೇಕಿಲ್ಲ ಅಂತ 2014ರಲ್ಲಿ ಹೌಸ್ ನೀತಿ ಸಮಿತಿ ಸದ್ದಿಲ್ಲದೆ ನಿಯಮ ಸಡಿಲಿಸಿತು. ಪತ್ರಿಕೆಗಳಲ್ಲಿ ಗಲಾಟೆಯಾದ ಮೇಲೆ ಕೆಲವೇ ದಿನಗಳಲ್ಲಿ ಹಿಂದೆ ತೆಗೆದುಕೊಂಡಿತು.

ಇನ್ನೊಂದು ವಿಷಯ. ಸಂಸದರು ವಿದೇಶದಲ್ಲಿರುವ ಫೋಟೋ ಇದೆ, ಕಡತ ಮಾತ್ರ ಸಿಗುತ್ತಿಲ್ಲ ಅಂತಾದರೆ ಕಳ್ಳತನ ಅಂತ ಕೂಗಬೇಡಿ. ಸರ್ಕಾರಿ ಖರ್ಚಿನ ಪ್ರವಾಸವಾದರೆ ಅದರ ಲೆಕ್ಕ ಸಂಸತ್ತಿನ ಅಧಿಕೃತ ಕಲಾಪ ದಾಖಲೆಯಾದ ಕಾಂಗ್ರೆಷನಲ್ ರೆಕಾರ್ಡ್‌ನಲ್ಲಿ ಬರುತ್ತದೆ, ಮೊದಲು ಅಲ್ಲಿ ನೋಡಿ. ಅಲ್ಲೂ ಇಲ್ಲವಾದರೆ 1961ರ ಸಾಂಸ್ಕೃತಿಕ ವಿನಿಮಯ ಕಾನೂನಿನಡಿ ವಿದೇಶಿ ಸರ್ಕಾರವೇ ಖರ್ಚು ಹಾಕಿ ಕರೆಸಿಕೊಂಡಿರಬಹುದು. ಅಂಥವು ಈ ಖಾಸಗಿ ಪ್ರವಾಸದ ಕಡತಗಳ ರಾಶಿಯಲ್ಲಿ ಬರುವುದಿಲ್ಲ. ಆಗ ನಾನು ಹಿಡಿಯುವ ದಾರಿ ಇದು: ಆ ಕಚೇರಿಗೆ ಫೋನ್ ಮಾಡಿ, ಟಿಕೆಟ್ ತೆಗೆಸಿದ್ದು ಯಾರು ಅಂತ ನೇರವಾಗಿ ಕೇಳುವುದು. ಎಷ್ಟೋ ಸಲ ಹೇಳುತ್ತಾರೆ.