ಪಾರ್ಕಿನ್ಸನ್‌ಗೆ ಬೇರೆ ಚಿಕಿತ್ಸೆ ನೋಡ್ತಿದ್ದೀರಾ? ಪೂರ್ತಿ ದುಡ್ಡು ಮೊದಲೇ ಕಟ್ಟಬೇಡಿ
ನಮ್ಮ ಅಪ್ಪನಿಗೆ ಪಾರ್ಕಿನ್ಸನ್. ಒಂದು ಕಡೆ ಮೂರು ತಿಂಗಳ ಮಸಾಜ್ ಪ್ಯಾಕೇಜ್‌ಗೆ ಒಟ್ಟಿಗೇ ದುಡ್ಡು ಕಟ್ಟಿದೆವು, ಎರಡನೇ ವಾರಕ್ಕೇ ಅಪ್ಪ ಒಲ್ಲೆ ಅಂದರು, ದುಡ್ಡು ಹೋಯ್ತು. ಈಗ ಒಂದು ಸಲಕ್ಕೆ ಒಂದೇ ಚಿಕಿತ್ಸೆ, ದಿನದ ಲೆಕ್ಕದಲ್ಲಿ ದುಡ್ಡು. ನಿದ್ದೆ, ನಡುಕ, ಅಂಗಿ ಗುಂಡಿ ಹಾಕಿಕೊಳ್ಳೋಕೆ ಹಿಡಿದ ಹೊತ್ತು ಎಲ್ಲಾ ಕ್ಯಾಲೆಂಡರ್ ಮೇಲೇ ಬರೆದಿಡುತ್ತೇವೆ.

ನಸುಗುನ್ನಿ ಪುಡಿ ಮಾತ್ರ ಡಾಕ್ಟರನ್ನ ಕೇಳದೆ ಕೊಡಬೇಡಿ. ಪಾರ್ಕಿನ್ಸನ್‌ಗೆ ಸಾಮಾನ್ಯವಾಗಿ ಕೊಡೋ ಮಾತ್ರೆಯಲ್ಲಿರೋ ಲೆವೊಡೋಪಾ ಅನ್ನೋ ಔಷಧಿಯೇ ಅದರಲ್ಲೂ ಇರೋದು, ಮಾತ್ರೆ ಜೊತೆ ಸೇರಿದರೆ ಡೋಸ್ ಜಾಸ್ತಿಯಾಗಿ ವಾಂತಿ, ತಲೆಸುತ್ತು ಬರಬಹುದು. ಮಾತ್ರೆ ನಿಲ್ಲಿಸಿ ಅನ್ನೋರ ಹತ್ತಿರವಂತೂ ಹೋಗಲೇಬೇಡಿ.

ಅಪ್ಪನ ಕಾಲು ಹೊಸ್ತಿಲ ಹತ್ತಿರ ಅಂಟಿಕೊಂಡು ನಿಲ್ಲುತ್ತಿತ್ತು, ಅಲ್ಲಿ ನೆಲಕ್ಕೆ ಬಣ್ಣದ ಟೇಪ್ ಅಡ್ಡಡ್ಡ ಹಚ್ಚಿದೆವು, ಈಗ ಗೆರೆ ದಾಟುತ್ತಾ ಬರುತ್ತಾರೆ. ಸಂಜೆ ಹುಬ್ಬಳ್ಳಿಯ ಉಣಕಲ್ ಕೆರೆ ದಂಡೆ ಮೇಲೆ ಭಜನೆ ತಾಳಕ್ಕೆ ನಡಿಗೆ, ಅದೂ ಪುಕ್ಕಟೆ.