ವೆನಿಸ್ ನೋಡುವ ಕ್ರಮ: ಹೊತ್ತು ನೋಡಿ ಹೊರಡಿ, ನೀರು ನೋಡಿ ಕಾಲಿಡಿ

ಯುರೋಪ್ ಪ್ಯಾಕೇಜ್ ಟೂರಿನವರು ವೆನಿಸ್ಸಿಗೆ ಕೊಡುವುದು ಹೆಚ್ಚೆಂದರೆ ಐದಾರು ಗಂಟೆ, ಅದೂ ನಡುಹಗಲಿನಲ್ಲಿ. ಊರು ತೀರಾ ಕಳೆಗೆಟ್ಟು ಕಾಣುವ ಹೊತ್ತೇ ಅದು. ಬಸ್ಸು, ರೈಲು, ಹಡಗುಗಳಲ್ಲಿ ಬಂದವರೆಲ್ಲ ಸಾನ್ ಮಾರ್ಕೊ ಚೌಕ ಮತ್ತು ರಿಯಾಲ್ಟೊ ಸೇತುವೆಯ ನಡುವಿನ ಎರಡು ಮೂರು ಓಣಿಗಳಲ್ಲಿ ಸಿಕ್ಕಿಕೊಂಡಿರುತ್ತಾರೆ. ಬೆಳಿಗ್ಗೆ ಒಂಬತ್ತರೊಳಗೆ ಮತ್ತು ಸಂಜೆ ಆರರ ನಂತರ ಅದೇ ಓಣಿಗಳಲ್ಲಿ ನಿಮ್ಮ ಹೆಜ್ಜೆ ಸದ್ದು ನಿಮಗೇ ಕೇಳಿಸುತ್ತದೆ. ಆದ್ದರಿಂದ ಎರಡು ರಾತ್ರಿ ಅಲ್ಲೇ ಉಳಿಯಿರಿ. ಕೆಳಗಿನ ಕ್ರಮ ಹಾಗೆ ಉಳಿಯುವವರಿಗೆ.

ಇಳಿಯುವ ಮುಂಚೆ

ರೈಲಿನಲ್ಲಿ ಬಂದರೆ ಎರಡು ನಿಲ್ದಾಣ ಸಿಗುತ್ತವೆ. ಮೊದಲು ಬರುವ ‘ವೆನೇತ್ಸಿಯಾ ಮೆಸ್ತ್ರೆ’ ಇರುವುದು ಒಳನಾಡಿನಲ್ಲಿ. ಹೆಸರು ನೋಡಿ ಗಡಿಬಿಡಿಯಲ್ಲಿ ಅಲ್ಲೇ ಇಳಿದುಬಿಡುವವರು ಬಹಳ. ಸುಮಾರು ಹತ್ತು ನಿಮಿಷ ಮುಂದೆ, ನೀರಿನ ಮೇಲಿನ ಸೇತುವೆ ದಾಟಿದ ಮೇಲೆ ಬರುವ ‘ವೆನೇತ್ಸಿಯಾ ಸಾಂತಾ ಲೂಚಿಯಾ’ದಲ್ಲಿ ಇಳಿಯಬೇಕು. ಮೆಸ್ತ್ರೆಯಲ್ಲಿ ಹೋಟೆಲು ಅಗ್ಗ ನಿಜ, ಆದರೆ ಬೆಳಗಿನ ಮತ್ತು ರಾತ್ರಿಯ ವೆನಿಸ್ ಕೈತಪ್ಪುತ್ತದೆ. ನಮ್ಮ ಲೆಕ್ಕದಲ್ಲಿ ಅದು ಉಳಿತಾಯವಲ್ಲ.

ಹೋಟೆಲಿನವರಿಗೆ ಎರಡು ಪ್ರಶ್ನೆ ಕೇಳಿ: ಹತ್ತಿರದ ದೋಣಿ ನಿಲ್ದಾಣ ಯಾವುದು? ಅಲ್ಲಿಂದ ಬಾಗಿಲಿಗೆ ಎಷ್ಟು ಸೇತುವೆ? ಊರಲ್ಲಿ ನಾನೂರಕ್ಕೂ ಹೆಚ್ಚು ಸೇತುವೆಗಳಿವೆ, ಬಹುತೇಕ ಎಲ್ಲಕ್ಕೂ ಮೆಟ್ಟಿಲು. ಆಟೊ, ಟ್ಯಾಕ್ಸಿ ಯಾವುದೂ ಇಲ್ಲ. ಇಪ್ಪತ್ತಮೂರು ಕಿಲೊ ಸೂಟ್‌ಕೇಸನ್ನು ನಾಲ್ಕು ಸೇತುವೆ ಹತ್ತಿಸಿ ಇಳಿಸಿದರೆ ಆ ದಿನ ಮುಗಿದಂತೆ.

ವಿಳಾಸದ ಪದ್ಧತಿಯೂ ಬೇರೆ. ಊರಿಗೆ ಆರು ಭಾಗ: ಸಾನ್ ಮಾರ್ಕೊ, ಕಾಸ್ತೆಲ್ಲೊ, ಕನ್ನರೇಜೊ, ದೊರ್ಸೊದೂರೊ, ಸಾನ್ ಪೋಲೊ, ಸಾಂತಾ ಕ್ರೋಚೆ. ಮನೆ ನಂಬರು ಬೀದಿಗೆ ಸೇರಿದ್ದಲ್ಲ, ಇಡೀ ಭಾಗಕ್ಕೆ ಸೇರಿದ್ದು. ‘ಕಾಸ್ತೆಲ್ಲೊ 4300’ ಎಂದಷ್ಟೇ ಇದ್ದರೆ ಸ್ಥಳೀಯರಿಗೂ ತಿಳಿಯದು. ಓಣಿಯ ಹೆಸರನ್ನೂ ಬರೆದಿಟ್ಟುಕೊಳ್ಳಿ. ಓಣಿ ಎಂದರೆ ‘ಕಾಲ್ಲೆ’, ಚೌಕ ‘ಕಾಂಪೊ’, ಸಣ್ಣ ಕಾಲುವೆ ‘ರಿಯೊ’, ಕಾಲುವೆ ಪಕ್ಕದ ದಾರಿ ‘ಫೊಂದಾಮೆಂತಾ’. ‘ರಿಯೊ ತೆರಾ’ ಎಂಬ ಬೀದಿ ಹಿಂದೆ ಕಾಲುವೆಯಾಗಿತ್ತು, ಮಣ್ಣು ತುಂಬಿ ಮುಚ್ಚಿದ್ದಾರೆ. ಕಿರಿದಾದ ಓಣಿಗಳಲ್ಲಿ ಫೋನಿನ ಮ್ಯಾಪ್ ಎಲ್ಲೆಲ್ಲೋ ಹಾರುತ್ತದೆ. ಗೋಡೆ ಮೇಲಿನ ಹಳದಿ ಫಲಕಗಳನ್ನು ನಂಬಿ: ‘ಪೆರ್ ರಿಯಾಲ್ಟೊ’, ‘ಪೆರ್ ಸಾನ್ ಮಾರ್ಕೊ’ ಎಂದು ಬಾಣದ ಗುರುತು ಇರುತ್ತದೆ.

2024ರಿಂದ ಇನ್ನೊಂದು ವಿಷಯ ಸೇರಿದೆ. ವಸಂತ ಮತ್ತು ಬೇಸಿಗೆಯ ಕೆಲವು ನಿಗದಿತ ದಿನಗಳಲ್ಲಿ, ಬೆಳಿಗ್ಗೆ 8.30ರಿಂದ ಸಂಜೆ 4ರವರೆಗೆ ಬಂದುಹೋಗುವವರು ಪ್ರವೇಶ ಶುಲ್ಕ ಕೊಡಬೇಕು. ರಾತ್ರಿ ಉಳಿಯುವವರಿಗೆ ಇದು ಮಾಫಿ. ಆದರೆ ನಗರಾಡಳಿತದ ವೆಬ್‌ಸೈಟಿನಲ್ಲಿ ವಿನಾಯಿತಿಗೆ ನೋಂದಾಯಿಸಿ ಕ್ಯೂಆರ್ ಕೋಡ್ ಪಡೆದಿರಬೇಕು.

ಮೊದಲ ಸಂಜೆ: ಒಂದನೇ ನಂಬರಿನ ದೋಣಿ

ಇಲ್ಲಿನ ಸಿಟಿ ಬಸ್ಸೆಂದರೆ ‘ವಪೊರೆತ್ತೊ’ ದೋಣಿ. 75 ನಿಮಿಷದ ಟಿಕೆಟ್ 9.50 ಯೂರೊ, 24 ಗಂಟೆಯ ಪಾಸು 25 ಯೂರೊ. ಮೂರು ಸಲ ಹತ್ತಿದರೆ ಪಾಸೇ ಲಾಭ. ಅವಧಿ ಶುರುವಾಗುವುದು ಕೊಂಡಾಗ ಅಲ್ಲ, ಮೊದಲ ಸಲ ಯಂತ್ರಕ್ಕೆ ತೋರಿಸಿದಾಗ. ಹಾಗಾಗಿ ಸಂಜೆ ಐದಕ್ಕೆ ಶುರುಮಾಡಿ, ಮರುದಿನ ಸಂಜೆ ಐದರವರೆಗೂ ಬಳಸಬಹುದು. ಪ್ರತಿಸಲ ಹತ್ತುವ ಮುಂಚೆ ಕಟ್ಟೆಯ ಯಂತ್ರಕ್ಕೆ ಕಾರ್ಡು ಹಿಡಿದು ‘ಬೀಪ್’ ಕೇಳಿಸಿಕೊಳ್ಳಬೇಕು. ಕಿಸೆಯಲ್ಲಿ ಪಾಸಿದ್ದೂ ಇದನ್ನು ಮರೆತು ದಂಡ ಕಟ್ಟುವ ಪ್ರವಾಸಿಗರಿದ್ದಾರೆ. ವಿಮಾನ ನಿಲ್ದಾಣದ ದೋಣಿಗೆ ಈ ಪಾಸು ನಡೆಯುವುದಿಲ್ಲ.

ಪಿಯಾತ್ಸಾಲೆ ರೋಮಾ ಕಟ್ಟೆಗೆ ಹೋಗಿ. ಒಂದನೇ ನಂಬರು ಹೊರಡುವುದು ಅಲ್ಲಿಂದ, ಮುಂದಿನ ನಿಲ್ದಾಣದಲ್ಲಿ ಹತ್ತಿದರೆ ಸೀಟು ಸಿಗದು. ಹೊರಗಿನ ಸೀಟು ಹಿಡಿಯಿರಿ. ಎರಡನೇ ನಂಬರು ಬೇಗ ತಲುಪಿಸುತ್ತದೆ, ಆದರೆ ಇಲ್ಲಿ ನಿಧಾನವೇ ಬೇಕಾದದ್ದು. ಸುಮಾರು 3.8 ಕಿಲೊಮೀಟರ್ ಉದ್ದದ ಗ್ರ್ಯಾಂಡ್ ಕೆನಾಲ್ ಹಿಂದುಮುಂದಾದ ಇಂಗ್ಲಿಷ್ ‘ಎಸ್’ ಆಕಾರದಲ್ಲಿ ಊರನ್ನು ಸೀಳಿದೆ. ಮುಕ್ಕಾಲು ಗಂಟೆಯೊಳಗೆ ಶ್ರೀಮಂತ ವರ್ತಕರ ಅರಮನೆಗಳು, 1591ರಲ್ಲಿ ಮುಗಿದ ರಿಯಾಲ್ಟೊ ಸೇತುವೆ, 1630ರ ಪ್ಲೇಗಿನ ಹರಕೆಗೆ ಕಟ್ಟಿಸಿದ ಸಾಲೂತೆ ಚರ್ಚು ಎಲ್ಲ ಸಾಲಾಗಿ ಬರುತ್ತವೆ. ಅರಮನೆಗಳ ಮುಂಬಾಗಿಲು ನೀರಿನ ಕಡೆಗಿದೆ ಎಂಬುದನ್ನು ಗಮನಿಸಿ. ಓಣಿಯಿಂದ ಕಾಣುವುದು ಅವುಗಳ ಹಿತ್ತಿಲು.

ಮರುದಿನ ಬೆಳಿಗ್ಗೆ

ಏಳಕ್ಕೆಲ್ಲ ಸಾನ್ ಮಾರ್ಕೊ ಚೌಕದಲ್ಲಿರಿ. ಅಲ್ಲಿನ ದೊಡ್ಡ ಚರ್ಚಾದ ಬಸಿಲಿಕಾ ಮತ್ತು ಹಿಂದೆ ವೆನಿಸ್ ಆಳುತ್ತಿದ್ದ ‘ದೋಜೆ’ಯ ಅರಮನೆಗೆ ಆನ್‌ಲೈನಿನಲ್ಲಿ ಬೆಳಗಿನ ಮೊದಲ ಹೊತ್ತನ್ನೇ ಕಾದಿರಿಸಿ. ಅರಮನೆಯ ಟಿಕೆಟನ್ನು 30 ದಿನ ಮೊದಲು ಕೊಂಡರೆ ಅಗ್ಗ. ಬಸಿಲಿಕಾಕ್ಕೆ ಭುಜ, ಮಂಡಿ ಮುಚ್ಚುವ ಬಟ್ಟೆ ಬೇಕು, ದೊಡ್ಡ ಬ್ಯಾಗ್ ಒಳಗೆ ಬಿಡುವುದಿಲ್ಲ. ಮುಂಭಾಗದ ಮೇಲಿರುವ ನಾಲ್ಕು ಕಂಚಿನ ಕುದುರೆಗಳು ನಕಲು. 1204ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಿಂದ ಕೊಳ್ಳೆ ಹೊಡೆದು ತಂದ ಅಸಲಿ ಕುದುರೆಗಳು ಮಹಡಿಯ ಮ್ಯೂಸಿಯಂನಲ್ಲಿವೆ, ಅದಕ್ಕೆ ಬೇರೆ ಟಿಕೆಟ್. ಅಲ್ಲಿನ ಗಂಟೆಗೋಪುರ 1902ರಲ್ಲಿ ಕುಸಿದು 1912ರಲ್ಲಿ ಮತ್ತೆ ಎದ್ದದ್ದು. ಅದರ ಮುಂದೆ ಸರದಿ ಉದ್ದವಿದ್ದರೆ ಕಾಯಬೇಡಿ. ಎದುರಿನ ದ್ವೀಪದ ಸಾನ್ ಜೋರ್ಜೊ ಚರ್ಚಿನ ಗೋಪುರಕ್ಕೂ ಲಿಫ್ಟಿದೆ. ಅಲ್ಲಿಂದ ಸಾನ್ ಮಾರ್ಕೊವೂ ನೋಟದೊಳಗೆ ಬರುತ್ತದೆ.

ಹನ್ನೊಂದಾಯಿತೆಂದರೆ ಚೌಕ ಬಿಟ್ಟು ಹೊರಡಿ. ಕನ್ನರೇಜೊದ ಕಡೆ ನಡೆದರೆ 1516ರಲ್ಲಿ ಯಹೂದ್ಯರನ್ನು ಕೂಡಿಹಾಕಿದ ಕೇರಿ ಇದೆ. ‘ಘೆಟ್ಟೊ’ ಎಂಬ ಪದ ಜಗತ್ತಿಗೆ ಹೋದದ್ದು ಇಲ್ಲಿಂದಲೇ. ಜಾಗ ಸಾಲದೆ ಮನೆಗಳು ಮೇಲಕ್ಕೆ ಬೆಳೆದಿವೆ, ಮಹಡಿಗಳ ಎತ್ತರ ಮಾತ್ರ ಕುಗ್ಗಿದೆ. ಕಿಟಕಿ ಎಣಿಸಿದರೆ ಗೊತ್ತಾಗುತ್ತದೆ.

ಗೊಂಡೋಲಾ: ದುಡ್ಡು ಕೊಡುವ ಮುಂಚೆ

ದರವನ್ನು ನಗರಾಡಳಿತವೇ ನಿಗದಿ ಮಾಡಿದೆ: ಹಗಲು 30 ನಿಮಿಷಕ್ಕೆ 90 ಯೂರೊ, ಸಂಜೆ ಏಳರ ನಂತರ 35 ನಿಮಿಷಕ್ಕೆ 110. ಇದು ಇಡೀ ದೋಣಿಗೆ, ತಲೆಗಲ್ಲ. ಐದು ಜನ ಕೂರಬಹುದು. ಹಾಡುಗಾರ ಬೇಕೆಂದರೆ ಹೆಚ್ಚುವರಿ. ಹತ್ತುವ ಮುಂಚೆಯೇ ಹಣ, ನಿಮಿಷ, ದಾರಿ ಮೂರನ್ನೂ ಮಾತಾಡಿಕೊಳ್ಳಿ. ಸಾನ್ ಮಾರ್ಕೊ ದಂಡೆಯಲ್ಲಿ ಹತ್ತಬೇಡಿ. ದೊಡ್ಡ ದೋಣಿಗಳ ಅಲೆಗೆ ಕುಲುಕಾಡುತ್ತದೆ, ಅರ್ಧ ಸಮಯ ಗೊಂಡೋಲಾಗಳ ಟ್ರಾಫಿಕ್ಕಿನಲ್ಲೇ ಹೋಗುತ್ತದೆ. ಒಳಗಿನ ಸಣ್ಣ ಕಾಲುವೆಯ ಕಟ್ಟೆ ಹುಡುಕಿ.

ಹತ್ತಿದ ಮೇಲೆ ಫೋನು ಪಕ್ಕಕ್ಕಿಟ್ಟು ದೋಣಿಯನ್ನೇ ನೋಡಿ. ಉದ್ದ ಸುಮಾರು 11 ಮೀಟರ್. ಅದು ಬೇಕೆಂದೇ ಸೊಟ್ಟಗೆ ಕಟ್ಟಿದ್ದು: ಎಡಬದಿ ಬಲಬದಿಗಿಂತ ಸುಮಾರು 24 ಸೆಂಟಿಮೀಟರ್ ಅಗಲ. ಅಂಬಿಗ ಹಿಂದೆ ನಿಂತು ಬಲಗಡೆ ಒಂದೇ ಹುಟ್ಟು ಹಾಕುತ್ತಾನೆ. ದೋಣಿ ಸಮವಾಗಿದ್ದರೆ ಪ್ರತಿ ಹುಟ್ಟಿಗೂ ಎಡಕ್ಕೆ ತಿರುಗುತ್ತಿತ್ತು. ಹುಟ್ಟು ಆನಿಸುವ ತಿರುಚಿದ ಮರದ ತುಂಡಿಗೆ ‘ಫೋರ್ಕೊಲಾ’ ಎನ್ನುತ್ತಾರೆ. ಹುಟ್ಟನ್ನು ಅದರ ಯಾವ ಬಾಗಿಗೆ ಒರಗಿಸುತ್ತಾನೆ ಎಂಬುದರ ಮೇಲೆ ದೋಣಿ ಮುಂದೆ ಹೋಗುವುದು, ಹಿಂದೆ ಸರಿಯುವುದು, ನಿಲ್ಲುವುದು. ಇಕ್ಕಟ್ಟಿನ ತಿರುವು ಬಂದಾಗ ಅವನ ಕೈಯನ್ನೇ ಗಮನಿಸಿ.

90 ಯೂರೊ ಹೆಚ್ಚೆನಿಸಿದರೆ ‘ತ್ರಾಗೆತ್ತೊ’ ಇದೆ. ಗ್ರ್ಯಾಂಡ್ ಕೆನಾಲ್ ದಾಟಿಸುವ ಅಲಂಕಾರವಿಲ್ಲದ ಗೊಂಡೋಲಾ, 2 ಯೂರೊ, ಒಂದೆರಡು ನಿಮಿಷ. ಚಿಲ್ಲರೆ ಇಟ್ಟುಕೊಳ್ಳಿ. ಬೆಳಿಗ್ಗೆ ಸಾಂತಾ ಸೋಫಿಯಾ ಕಟ್ಟೆಯಲ್ಲಿ ಹತ್ತಿದರೆ ಇಳಿಯುವುದು ಸೀದಾ ರಿಯಾಲ್ಟೊ ಮಾರುಕಟ್ಟೆಗೆ. ಮೀನು ಮಾರುಕಟ್ಟೆಗೆ ಭಾನುವಾರ, ಸೋಮವಾರ ರಜೆ. ಗೋಡೆಯಲ್ಲೊಂದು ಹಳೆಯ ಕಲ್ಲುಫಲಕವಿದೆ: ಯಾವ ಮೀನು ಕನಿಷ್ಠ ಎಷ್ಟು ಉದ್ದವಿದ್ದರೆ ಮಾರಬಹುದು ಎಂಬ ಪಟ್ಟಿ. ನಮ್ಮ ಕರಾವಳಿಯ ಕಾಳುಮೆಣಸು ಒಂದು ಕಾಲದಲ್ಲಿ ಯುರೋಪಿನ ಅಡುಗೆಮನೆ ಸೇರುತ್ತಿದ್ದುದೂ ಈ ರಿಯಾಲ್ಟೊ ಮೂಲಕ. ಶಾಲೆಯ ಇತಿಹಾಸದಲ್ಲಿ ವಿಜಯನಗರಕ್ಕೆ ಬಂದ ನಿಕೊಲೊ ಕಾಂಟಿ ಇದ್ದನಲ್ಲ, ಅವನ ಊರು ಕಿಯೋಜ್ಜಾ ವೆನಿಸ್ ಸುತ್ತಲಿನ ಇದೇ ಹಿನ್ನೀರಿನ ದಕ್ಷಿಣ ತುದಿಯಲ್ಲಿದೆ.

ದ್ವೀಪಗಳಿಗೆ ಒಂದು ದಿನ

ಫೊಂದಾಮೆಂತೆ ನೋವೆ ಕಟ್ಟೆಯಿಂದ 12ನೇ ನಂಬರಿನ ದೋಣಿ. ಮೊದಲು ಮುರಾನೊ, ಏಕೆಂದರೆ ಅಲ್ಲಿನ ಗಾಜಿನ ಕುಲುಮೆಗಳ ಕೆಲಸ ಮಧ್ಯಾಹ್ನದ ನಂತರ ನಿಂತುಬಿಡುತ್ತದೆ. ಬೆಂಕಿಯ ಭಯಕ್ಕೆ ಕುಲುಮೆಗಳನ್ನು 1291ರಲ್ಲಿ ಊರಿಂದ ಇಲ್ಲಿಗೆ ಕಳಿಸಿದ್ದರು. ‘ಮುರಾನೊಗೆ ಉಚಿತ ದೋಣಿ’ ಎಂದು ಕರೆದರೆ ಹೋಗಬೇಡಿ, ಅದು ನಿಲ್ಲುವುದು ಅಂಗಡಿಯ ಬಾಗಿಲಲ್ಲಿ. ನಂತರ ಬಣ್ಣದ ಮನೆಗಳ ಬುರಾನೊ. ಅಲ್ಲಿ ಅಗ್ಗಕ್ಕೆ ಸಿಗುವ ಲೇಸು ಯಂತ್ರದ್ದು. ಸೂಜಿಯಲ್ಲಿ ಹೆಣೆದ ಅಸಲಿ ಚೂರಿಗೆ ವಾರಗಟ್ಟಲೆ ಕೆಲಸ ಹಿಡಿಯುತ್ತದೆ, ಬೆಲೆಯೂ ಹಾಗೇ. ಅಲ್ಲಿಂದ ಐದೇ ನಿಮಿಷ ದೂರದ ತೊರ್ಚೆಲ್ಲೊ ತಪ್ಪಿಸಬೇಡಿ: 639ರಲ್ಲಿ ಸ್ಥಾಪನೆಯಾದ ಚರ್ಚು, ಒಂದು ಗೋಡೆ ತುಂಬ ಅಂತಿಮ ತೀರ್ಪಿನ ಮೊಸಾಯಿಕ್.

ಸಸ್ಯಾಹಾರಿಗಳಿಗೆ

‘ಬಾಕರೊ’ ಎಂಬ ಸಣ್ಣ ವೈನ್ ಅಂಗಡಿಗಳಲ್ಲಿ ನಿಂತೇ ತಿನ್ನುವ ‘ಚಿಕೆತ್ತಿ’ ಅಗ್ಗ, ರುಚಿ. ಆದರೆ ಬ್ರೆಡ್ಡಿನ ಮೇಲೆ ಬೆಣ್ಣೆಯಂತೆ ಬೆಳ್ಳಗೆ ಸವರಿದ್ದು ಅರೆದ ಒಣಮೀನು. ‘ಬಿಗೊಲಿ ಇನ್ ಸಾಲ್ಸಾ’ ಎಂಬ ದಪ್ಪ ಶಾವಿಗೆ ಬರೀ ಈರುಳ್ಳಿಯದ್ದಂತೆ ಕಾಣುತ್ತದೆ, ಅದರಲ್ಲೂ ಮೀನು ಕರಗಿರುತ್ತದೆ. ‘ಸೆಂತ್ಸಾ ಕಾರ್ನೆ, ಸೆಂತ್ಸಾ ಪೇಶೆ’ ಎಂದರೆ ಮಾಂಸ ಬೇಡ, ಮೀನು ಬೇಡ. ಪೊಲೆಂತಾ ನಮ್ಮ ಮುದ್ದೆಯ ದಾಯಾದಿ, ಮೆಕ್ಕೆಜೋಳದ್ದು. ಕಾಫಿಯನ್ನು ಕೌಂಟರಿನಲ್ಲಿ ನಿಂತು ಕುಡಿಯಿರಿ. ಚೌಕದ ಕುರ್ಚಿಯಲ್ಲಿ ಕೂತರೆ ಬ್ಯಾಂಡಿನವರ ಸಂಗೀತಕ್ಕೂ ಬಿಲ್ಲಿನಲ್ಲಿ ಸೇರಿಸುತ್ತಾರೆ.

ನೀರು ಏರಿದರೆ

ಮುಖ್ಯವಾಗಿ ಅಕ್ಟೋಬರಿನಿಂದ ಜನವರಿಯವರೆಗೆ ‘ಆಕ್ವಾ ಆಲ್ತಾ’ ಎಂಬ ಎತ್ತರದ ಉಬ್ಬರ ಬರುತ್ತದೆ. 2019ರ ನವೆಂಬರ್ 12ರಂದು ಉಬ್ಬರದ ಮಾಪಕ 187 ಸೆಂಟಿಮೀಟರ್ ತೋರಿಸಿತ್ತು (ಇದು ಬೀದಿಯಲ್ಲಿ ನಿಂತ ನೀರಿನ ಆಳವಲ್ಲ). 2020ರ ಅಕ್ಟೋಬರಿನಿಂದ ಸಮುದ್ರದ ಬಾಯಲ್ಲಿ 78 ಉಕ್ಕಿನ ಗೇಟುಗಳು ಎದ್ದು ದೊಡ್ಡ ಉಬ್ಬರವನ್ನು ತಡೆಯುತ್ತಿವೆ. ಸಣ್ಣ ಉಬ್ಬರಕ್ಕೆ ಅವನ್ನು ಎತ್ತುವುದಿಲ್ಲ. ಹಾಗಾಗಿ ತಗ್ಗಿನಲ್ಲಿರುವ ಸಾನ್ ಮಾರ್ಕೊ ಚೌಕದಲ್ಲಿ ಈಗಲೂ ನೀರು ನಿಲ್ಲುತ್ತದೆ. ನಗರಾಡಳಿತದ ಉಬ್ಬರವಿಳಿತ ಮುನ್ಸೂಚನೆಯನ್ನು ಹಿಂದಿನ ರಾತ್ರಿಯೇ ನೋಡಿಕೊಂಡು ಆ ಹೊತ್ತಿಗೆ ಬೇರೆ ಕಡೆ ಇರಿ, ಎರಡು ಮೂರು ಗಂಟೆಯಲ್ಲಿ ನೀರು ತಾನೇ ಇಳಿಯುತ್ತದೆ. ಇಳಿದ ಮೇಲೆ ಕಾಲುವೆಗೆ ಇಳಿಯುವ ಮೆಟ್ಟಿಲಲ್ಲಿ ಫೋಟೊಗೆ ನಿಲ್ಲುವವರು ಹಸಿರು ಬಣ್ಣದ ಕಲ್ಲಿಗೆ ಕಾಲಿಡಬೇಡಿ. ಅದು ಪಾಚಿ, ಉಬ್ಬರದ ನೀರು ಅಲ್ಲಿಯವರೆಗೆ ಬಂದುಹೋಗುತ್ತದೆ. ಅದರ ಮೇಲಿನ ಒಣ ಮೆಟ್ಟಿಲಲ್ಲೇ ನಿಲ್ಲಿ.