ಭಾನುವಾರ ರೊಟ್ಟಿ ಬಡಿಯಬಾರದ ಊರಲ್ಲಿ

ಊರಲ್ಲಿದ್ದ ಇಪ್ಪತ್ತೆರಡು ವರ್ಷದಲ್ಲಿ ನಾನು ಒಂದೇ ಒಂದು ರೊಟ್ಟಿ ಬಡಿದವನಲ್ಲ. ಸಿಂಧನೂರು ಕಡೆ ಗಂಡುಹುಡುಗರು ಯಾರು ಬಡಿಯುತ್ತಾರೆ ಹೇಳಿ? ತಾಟಿನ ಮುಂದೆ ಕೂತರೆ ಬಿಸಿ ರೊಟ್ಟಿ ತಾನೇ ಬಂದು ಬೀಳುತ್ತಿತ್ತು. ಅಂಥವನು 2023ರ ಸೆಪ್ಟೆಂಬರ್ ಕೊನೆಗೆ ಎಂ.ಎಸ್. ಓದಲು ಜರ್ಮನಿಯ ಮ್ಯಾಗ್ಡೆಬರ್ಗ್‌ಗೆ ಬಂದೆ. ಎಲ್ಬೆ ನದಿ ದಂಡೆಯ ಊರು. ನದಿ ಇದೆ, ಟ್ರಾಮ್ ಇದೆ, ಚಳಿ ಇದೆ. ರೊಟ್ಟಿ ಇಲ್ಲ.

ಹೊರಡುವ ಹಿಂದಿನ ವಾರ ಅವ್ವ, ದೊಡ್ಡವ್ವ ಕೂತು ನೂರು ಖಡಕ್ ರೊಟ್ಟಿ ಮಾಡಿದ್ದರು. ಜೊತೆಗೆ ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ (ಹಿಂಡಿ ಅಂದರೆ ನಮ್ಮ ಕಡೆ ಚಟ್ನಿಪುಡಿ), ಕೆಂಪು ಖಾರ. ಜಗಳ ಆಗಿದ್ದು ತುಪ್ಪದ ಡಬ್ಬಿಗೆ. ಯುರೋಪ್ ಒಕ್ಕೂಟದ ಹೊರಗಿನಿಂದ ಬರುವವರು ಬ್ಯಾಗಿನಲ್ಲಿ ಮಾಂಸ, ಹಾಲಿನ ಪದಾರ್ಥ ತರುವ ಹಾಗಿಲ್ಲ. ತುಪ್ಪ, ಪೇಡೆ ಎಲ್ಲ ಅದರಲ್ಲೇ ಬಂತು. "ಔಷಧಿ ಅಂತ ಹೇಳು ಯಪ್ಪಾ, ಯಾರ್ ನೋಡ್ತಾರ" ಅಂದಳು ಅವ್ವ. ನಾನು ಡಬ್ಬಿ ಹೊರಗೆ ತೆಗೆದು ಇಟ್ಟೆ. ಅವತ್ತು ರಾತ್ರಿ ಅವಳು ನನ್ನ ಜೊತೆ ಮಾತಾಡಲಿಲ್ಲ.

ರಾಯಚೂರು ದಾಟಿ ಹೈದರಾಬಾದಿಗೆ ಹೋಗಿ ವಿಮಾನ ಹತ್ತಿದ್ದು. ಇಲ್ಲಿ ಬಂದು ಸೂಟ್‌ಕೇಸ್ ತೆಗೆದರೆ ಒಂದು ರೊಟ್ಟಿಯೂ ಇಡಿಯಾಗಿ ಉಳಿದಿರಲಿಲ್ಲ. ಬ್ಯಾಗನ್ನು ಎಲ್ಲಿ ಎಸೆದರೋ. ಆದರೆ ಚೂರಾದರೂ ರೊಟ್ಟಿ ರೊಟ್ಟಿಯೇ ಅಲ್ವಾ? ಮೊಸರಲ್ಲಿ ನೆನೆಸಿ, ಮೇಲೆ ಹಿಂಡಿ ಉದುರಿಸಿಕೊಂಡು ಒಂದೂವರೆ ತಿಂಗಳು ರಾತ್ರಿ ಊಟ ಅದರಲ್ಲೇ ಕಳೆದೆ.

ದುಡ್ಡಿನ ಲೆಕ್ಕ ಹೇಳಿಬಿಡುತ್ತೇನೆ, ಬರುವವರು ಮೊದಲು ಕೇಳುವುದೇ ಅದನ್ನು. ನಾನು ಬಂದ ವರ್ಷ ವೀಸಾಕ್ಕೆ ಮೊದಲೇ 11,208 ಯೂರೊ ಬ್ಲಾಕ್ಡ್ ಅಕೌಂಟಿನಲ್ಲಿ ಇಟ್ಟು ತೋರಿಸಬೇಕಿತ್ತು. ದುಡ್ಡು ನಮ್ಮದೇ, ಆದರೆ ತಿಂಗಳಿಗೆ 934 ಯೂರೊ ಮಾತ್ರ ಕೈಗೆ ಬರುತ್ತಿತ್ತು. ಅದರಲ್ಲಿ ಹಾಸ್ಟೆಲ್ ರೂಮಿಗೆ ನನ್ನದು 290 ಹೋಯಿತು, ಆರೋಗ್ಯ ವಿಮೆಗೆ ಸುಮಾರು 120. ಅಪ್ಪನ ಸಾಲದ ಕಂತಿಗೆ ಅಂತ ಒಂದಿಷ್ಟು ಉಳಿಸಲೇಬೇಕು. ಊಟಕ್ಕೆ 150 ಅಂತ ಗೆರೆ ಎಳೆದೆ. ಆಮೇಲೆ ಗೋಡೌನಿನಲ್ಲಿ ಪಾರ್ಟ್‌ಟೈಮ್ ಕೆಲಸ ಸಿಕ್ಕಿತು. 2024ರಲ್ಲಿ ಕನಿಷ್ಠ ಕೂಲಿ ಗಂಟೆಗೆ 12.41 ಯೂರೊ. ಇಂಡಿಯನ್ ಹೋಟೆಲಲ್ಲಿ ಒಂದು ಊಟ ಅಂದರೆ ಒಂದು ಗಂಟೆ ಡಬ್ಬ ಎತ್ತಿದ ದುಡ್ಡು. ಈ ಲೆಕ್ಕ ತಲೆಗೆ ಬಂದ ದಿನದಿಂದ ಹೋಟೆಲ್ ಬಾಗಿಲು ತುಳಿದಿಲ್ಲ.

ಮಧ್ಯಾಹ್ನಕ್ಕೆ ಯೂನಿವರ್ಸಿಟಿಯ ಮೆನ್ಸಾ ಇದೆ, ವಿದ್ಯಾರ್ಥಿಗಳ ಕ್ಯಾಂಟೀನು. ಎರಡು ಮೂರು ಯೂರೊದಲ್ಲಿ ಹೊಟ್ಟೆ ತುಂಬುತ್ತದೆ, ಮಾಂಸ ತಿನ್ನದವರಿಗೂ ಏನಾದರೂ ಇದ್ದೇ ಇರುತ್ತದೆ. ಆ 'ಏನಾದರೂ' ಬಹಳ ಸಲ ಬೇಯಿಸಿದ ಆಲೂಗಡ್ಡೆ. ಬ್ಯಾಗಿನ ಸೈಡ್ ಜೇಬಲ್ಲಿ ಹಿಂಡಿಯ ಪುಟ್ಟ ಡಬ್ಬಿ ಇಟ್ಟುಕೊಂಡೆ. ಉಪ್ಪು ಮಾತ್ರ ಹಾಕಿ ಬೇಯಿಸಿದ ಆಲೂಗಡ್ಡೆಗೆ ಗುರೆಳ್ಳು ಹಿಂಡಿ ಎಷ್ಟು ಚೆನ್ನಾಗಿ ಒಗ್ಗುತ್ತದೆ ಅಂತ ಊರಲ್ಲಿ ಯಾರಿಗೂ ಗೊತ್ತಿಲ್ಲ, ನನಗೆ ಗೊತ್ತು.

ನವೆಂಬರಿನಲ್ಲಿ ರೊಟ್ಟಿ ಚೂರು ಮುಗಿದವು. ಹಿಟ್ಟು ಹುಡುಕಲು ಹೊರಟೆ. ಮೊಬೈಲಲ್ಲಿ 'ಜೋಳ' ಅಂತ ಹಾಕಿದೆ, ಅದು ಹೇಳಿದ್ದನ್ನೇ ಅಂಗಡಿಯಲ್ಲಿ ಕೇಳಿದೆ, ಕೊಂಡು ತಂದೆ. ಬಿಚ್ಚಿದರೆ ಅರಿಶಿನ ಬಣ್ಣ. ಗೋವಿನಜೋಳದ ಹಿಟ್ಟು! ನಮ್ಮ ಕಡೆ ಜೋಳ ಅಂದರೆ ಬಿಳಿಜೋಳ ಒಂದೇ, ಅದು ಪಾಪ ಮೊಬೈಲಿಗೆ ಏನು ಗೊತ್ತು. ಒಂದು ಕಿಲೋ ಹಿಟ್ಟಿನ ಗಂಜಿ ಕುಡಿದು ಮುಗಿಸಿದೆ. ಸರಿಯಾದ ಹಿಟ್ಟು ಸಿಕ್ಕಿದ್ದು ಇಂಡಿಯನ್ ಸಾಮಾನಿನ ಅಂಗಡಿಯಲ್ಲಿ, 'ಜೋವಾರ್' ಅಂತ ಬರೆದ ಪಾಕೀಟಿನಲ್ಲಿ.

ಇನ್ನು ಬಡಿಯುವುದು. ಸಂಜೆ ಕ್ಲಾಸು ಮುಗಿದು ನಾನು ಒಲೆ ಹಚ್ಚುವ ಹೊತ್ತಿಗೆ ಊರಲ್ಲಿ ನಡುರಾತ್ರಿ. ಚಳಿಗಾಲದಲ್ಲಿ ನಾವು ನಾಲ್ಕೂವರೆ ಗಂಟೆ ಹಿಂದೆ. ಹಾಗಾಗಿ ಭಾನುವಾರ ಇಲ್ಲಿ ಹನ್ನೊಂದಕ್ಕೆ, ಅಲ್ಲಿ ಮೂರೂವರೆಗೆ, ವಿಡಿಯೋ ಕಾಲ್ ಅಂತ ಗೊತ್ತು ಮಾಡಿದೆವು. ಅವ್ವನ ಪಾಠ ಶುರು.

ಮೊದಲ ಮೂರು ವಾರ ಒಂದೂ ರೊಟ್ಟಿ ಆಗಲಿಲ್ಲ. ಹಲಗೆಯಿಂದ ಎತ್ತಿದರೆ ಹರಿಯುತ್ತಿತ್ತು, ಅಂಚೆಲ್ಲ ಸೀಳು. "ಎಸರು ಕುದಿಲಿಕ್ಕ ಬಿಡೋ, ಕೈ ಸುಡ್ತದಂತ ಹೆದರಬ್ಯಾಡ" ಅನ್ನುವಳು. ವಿಷಯ ಇರುವುದೇ ಅಲ್ಲಿ. ಗೋಧಿಯಲ್ಲಿ ಇರುವ ಅಂಟು ಜೋಳದಲ್ಲಿ ಇಲ್ಲ. ಕುದಿಯುವ ನೀರು ಬಿದ್ದು ಹಿಟ್ಟು ಅರ್ಧ ಬೆಂದರೆ ಮಾತ್ರ ಜಿಗಿ ಬರುತ್ತದೆ. ಹಿಟ್ಟು ಹಳೆಯದಾದಷ್ಟೂ ಜಿಗಿ ಕಡಿಮೆ. ಊರಲ್ಲಿ ವಾರಕ್ಕೊಮ್ಮೆ ಗಿರಣಿಗೆ ಹೋಗಿ ಬೀಸಿಸಿಕೊಂಡು ಬರುತ್ತಾರೆ. ನನ್ನ ಪಾಕೀಟು ಬೀಸಿ ಎಷ್ಟು ತಿಂಗಳಾಗಿತ್ತೋ. ಅದಕ್ಕೆ ಒಂದು ಉಪಾಯ ಮಾಡಿದೆ: ಹಿಟ್ಟಿನ ಕಾಲು ಭಾಗವನ್ನು ಎಸರಿಗೇ ಹಾಕಿ ಅಂಬಲಿ ಥರ ಕುದಿಸಿ, ಉಳಿದ ಹಿಟ್ಟನ್ನು ಅದರಲ್ಲಿ ಬಿಸಿಬಿಸಿ ಇರುವಾಗಲೇ ಅಂಗೈ ಬುಡದಿಂದ ನಾದುವುದು. ಹತ್ತು ನಿಮಿಷ, ತೋಳು ನೋಯುವ ತನಕ. ನಾಲ್ಕನೇ ವಾರ ಒಂದು ರೊಟ್ಟಿ ಹರಿಯದೆ ಹಂಚಿಗೆ ಹೋಯಿತು. ಮೇಲೆ ಒದ್ದೆ ಬಟ್ಟೆಯಿಂದ ನೀರು ಸವರಿ, ಆರಿದ ಮೇಲೆ ತಿರುವಿ ಹಾಕಿದೆ. ಇಲ್ಲಿ ಗಾಜಿನ ಕರೆಂಟ್ ಒಲೆ, ಬೆಂಕಿಗೆ ಹಿಡಿದು ಉಬ್ಬಿಸಲು ಆಗುವುದಿಲ್ಲ. ಬಟ್ಟೆ ಮಡಚಿ ಅಂಚಿಗೆ ಒತ್ತಿದೆ. ಒಂದು ಮೂಲೆಯಲ್ಲಿ ಅಂಗೈಯಷ್ಟು ಉಬ್ಬಿತು.

ಅದೇ ಹೊತ್ತಿಗೆ ಬಾಗಿಲು ಬಡಿದ ಸದ್ದು.

ಕೆಳಗಿನ ಮಹಡಿಯ ಹುಡುಗಿ. ಮುಖ ಗಂಟು ಹಾಕಿಕೊಂಡಿದ್ದಳು. "ಇವತ್ತು ಭಾನುವಾರ. ಮೊಳೆ ಹೊಡೆಯುವ ಕೆಲಸ ನಾಳೆ ಮಾಡಬಾರದಾ?" ಜರ್ಮನಿಯಲ್ಲಿ ಭಾನುವಾರ ಅಂದರೆ ಸದ್ದಿಲ್ಲದ ದಿನ. ಅಂಗಡಿ ಮುಚ್ಚಿರುತ್ತವೆ, ಗೋಡೆಗೆ ಡ್ರಿಲ್ ಹಿಡಿಯುವ ಹಾಗಿಲ್ಲ. ಅಂಗಡಿ ಮುಚ್ಚುವುದು ಮೊದಲ ವಾರವೇ ಉಪವಾಸ ಬಿದ್ದು ಕಲಿತಿದ್ದೆ. ರೊಟ್ಟಿ ಬಡಿಯುವುದೂ ಆ ಲೆಕ್ಕಕ್ಕೆ ಬರುತ್ತದೆ ಅಂತ ಹೊಳೆದಿರಲಿಲ್ಲ. ಹಿಟ್ಟು ಮೆತ್ತಿದ ಕೈ ತೋರಿಸಿದೆ, ರೊಟ್ಟಿ ತೋರಿಸಿದೆ. ಫೋನಿನಿಂದ ಅವ್ವ, "ಯಾರೋ ಅದು? ಊಟಕ್ಕ ಕರಿ" ಅನ್ನುತ್ತಿದ್ದಳು. ಹುಡುಗಿ ನಕ್ಕಳು. ಒಳಗೆ ಬರಲಿಲ್ಲ. ಆದರೆ ತಪ್ಪು ನನ್ನದೇ, ನಾಲ್ಕು ಭಾನುವಾರ ಅವಳ ತಲೆ ಮೇಲೆ ಬಡಿದಿದ್ದೆ.

ಅಂದಿನಿಂದ ಪಾಠ ಶನಿವಾರಕ್ಕೆ ಹೋಯಿತು. ಹಲಗೆ ಕೆಳಗೆ ಸ್ನಾನದ ಟವೆಲ್ ನಾಲ್ಕು ಮಡಿಕೆ. ಸದ್ದು ಅರ್ಧಕ್ಕೆ ಇಳಿಯಿತು. ಈಗ ಶನಿವಾರ ಹದಿನೈದು ರೊಟ್ಟಿ ಮಾಡುತ್ತೇನೆ. ಐದು ಬಿಸಿ ಇರುವಾಗಲೇ ಹೋಗುತ್ತವೆ, ಉಳಿದವನ್ನು ಸಣ್ಣ ಉರಿಯಲ್ಲಿ ಖಡಕ್ ಮಾಡಿ ಡಬ್ಬಿಗೆ ತುಂಬುತ್ತೇನೆ. ಚಳಿಗಾಲದಲ್ಲಿ ರೂಮಿನ ಹೀಟರ್ ಪಕ್ಕ ಇಟ್ಟರೆ ಮೆತ್ತಗಾಗುವುದಿಲ್ಲ.

ಹಿಂಡಿಗೆ ಇಲ್ಲಿ ಕೊರತೆಯೇ ಇಲ್ಲ. ಅಗಸಿ ಬೀಜ ಇವರಲ್ಲಿ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ, ಅದೂ ಅಗ್ಗ. ಇವರು ಹಸಿಯಾಗಿಯೇ ಹಾಲು-ಓಟ್ಸಿಗೆ ಉದುರಿಸಿಕೊಳ್ಳುತ್ತಾರೆ. ನಾನು ಚಟಪಟ ಅನ್ನುವವರೆಗೆ ಹುರಿದು, ಬೆಳ್ಳುಳ್ಳಿ, ಖಾರ, ಉಪ್ಪು, ಚೂರು ಹುಣಸೆ ಹಾಕಿ ಮಿಕ್ಸಿಗೆ ಕೊಡುತ್ತೇನೆ. ಮೆಣಸಿನಕಾಯಿ ಹುರಿಯುವಾಗ ಮಾತ್ರ ಹೊರಗೆ ಎಷ್ಟೇ ಚಳಿ ಇರಲಿ, ಕಿಟಕಿ ಪೂರ್ತಿ ತೆಗೆಯಬೇಕು. ಮೇಲೆ ಹೊಗೆಯ ಅಲಾರಂ ಕಣ್ಣು ಬಿಟ್ಟುಕೊಂಡೇ ಇರುತ್ತದೆ.

ಪುಂಡಿ ಅನ್ನುವ ಹುಳಿ ಸೊಪ್ಪಿನ ಪಲ್ಯಕ್ಕೆ ಬಹಳ ಒದ್ದಾಡಿದೆ. ಪಾಲಕಿಗೆ ನಿಂಬೆಹಣ್ಣು ಹಿಂಡಿದರೆ ಅದು ಬೇರೆಯೇ ಏನೋ ಆಗುತ್ತದೆ. ವಸಂತದಲ್ಲಿ ಮಾರ್ಕೆಟ್ಟಿಗೆ ರೂಬಾರ್ಬ್ ಅಂತ ಕೆಂಪು ದಂಟು ಬರುತ್ತದೆ, ಇವರು ಅದಕ್ಕೆ ಸಕ್ಕರೆ ಸುರಿದು ಕೇಕ್ ಮಾಡುತ್ತಾರೆ. ಒಂದು ತುಂಡು ಕಚ್ಚಿ ನೋಡಿದೆ. ಪುಂಡಿ ಹುಳಿ! ತೊಗರಿಬೇಳೆ, ಅಕ್ಕಿ ನುಚ್ಚು, ಹಸಿಮೆಣಸಿನಕಾಯಿ ಜೊತೆ ಬೇಯಿಸಿ ಕಡೆದು, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟೆ. ಹಸಿರು ಬಣ್ಣ ಇಲ್ಲ ಅನ್ನುವುದು ಬಿಟ್ಟರೆ ಮುಕ್ಕಾಲು ಪಾಲು ಅದೇ. ನೆನಪಿಡಿ, ದಂಟು ಮಾತ್ರ. ಅದರ ಎಲೆ ವಿಷ. ಜೂನ್ ಮುಗಿಯುವ ಹೊತ್ತಿಗೆ ಮಾರ್ಕೆಟ್ಟಿನಿಂದ ಮಾಯವಾಗುತ್ತದೆ, ಹೆಚ್ಚಿ ಫ್ರೀಜರಿಗೆ ಹಾಕಿಡಬೇಕು.

ಅನ್ನ ಮಾಡುವುದು ಕಡಿಮೆ. ಸೋನಾ ಮಸೂರಿ ಸಿಗುತ್ತದೆ, ಆದರೆ ಕಾಲುವೆ ಕೆಳಗೆ ಭತ್ತ ಬೆಳೆಯುವ ಮನೆಯವನು ಆ ರೇಟು ನೋಡಿ ಕೊಳ್ಳಲು ಮನಸ್ಸು ಬರುವುದಿಲ್ಲ. 2024ರ ಆಗಸ್ಟ್ 10ರ ರಾತ್ರಿ, ಆ ಕಾಲುವೆಗೆ ನೀರು ಬಿಡುವ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿ ಹೋದಾಗ ನಾಲ್ಕು ದಿನ ಫೋನ್ ಕೆಳಗಿಡಲಿಲ್ಲ. ಅಪ್ಪ ಊಟದ ಬಗ್ಗೆ ಎಂದೂ ಕೇಳುವವನಲ್ಲ. ಆ ದಿನಗಳಲ್ಲಿ ಮಾತು ಬದಲಿಸಲು ಅವನೇ ಕೇಳಿದ: "ಏನ್ ಉಂಡಿ?" "ರೊಟ್ಟಿ" ಅಂದೆ. "ಹೂಂ" ಅಂದ.

ಹೋದ ರಜೆಗೆ ಊರಿಗೆ ಹೋದಾಗ ಇಲ್ಲಿನ ಕ್ನೆಕೆಬ್ರೋಟ್ ಪಾಕೀಟು ಒಯ್ದಿದ್ದೆ. ತೆಳ್ಳಗೆ, ಖಡಕ್ಕಾಗಿ ಇರುವ ಬ್ರೆಡ್ಡು. ನೋಡಲು ನಮ್ಮ ಖಡಕ್ ರೊಟ್ಟಿಯನ್ನು ಚೌಕಾಕಾರ ಕತ್ತರಿಸಿದ ಹಾಗೆ. ಅವ್ವ ಒಂದನ್ನು ಮುರಿದು ಹಿಂಡಿ ಹಚ್ಚಿಕೊಂಡು ಬಾಯಿಗೆ ಹಾಕಿದಳು. ಬಹಳ ಹೊತ್ತು ಅಗಿದಳು.

"ಇದನ್ನ ಯಾರ್ ಬಡಿದಾರ?"

"ಮಷಿನ್ನು."

"ಅದಕ್ಕ ಹಿಂಗೈತಿ" ಅಂದು ಪಾಕೀಟು ದೊಡ್ಡವ್ವನ ಕಡೆ ಸರಿಸಿದಳು.